ಮರುವಾಯಿ ಅಗೆಯುವವರ ಭೌತಶಾಸ್ತ್ರ

ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿಯಲ್ಲಿ ನದಿಗಳು ಕಡಲನ್ನು ಸೇರುವ ಅಳಿವೆಗಳು ಹಲವು ಇವೆ. ಕಡಲು ಹಿಂಜರಿದ ಹೊತ್ತಿನಲ್ಲಿ ಇಂತಹ ಒಂದು ಅಳಿವೆಯ ದಂಡೆಯಲ್ಲಿ ನಿಂತು ನೋಡಿದರೆ, ಬುಟ್ಟಿ ಹಿಡಿದ ಹೆಂಗಸರೂ ಗಂಡಸರೂ ಕೆಸರುಮರಳಿನ ದಿಬ್ಬಗಳ ಮೇಲೆ ಬಾಗಿ, ಬರಿಗೈಯಿಂದಲೋ ಸಣ್ಣ ಕಬ್ಬಿಣದ ಅಲಗಿನಿಂದಲೋ ಮರಳನ್ನು ಕೆದಕುತ್ತಿರುವುದು ಕಾಣುತ್ತದೆ. ಅವರು ಹುಡುಕುತ್ತಿರುವುದು ಎರಡು ಚಿಪ್ಪುಗಳ ನಡುವೆ ತನ್ನ ಮೆತ್ತನೆಯ ಮೈಯನ್ನು ಅಡಗಿಸಿಕೊಂಡಿರುವ ಒಂದು ಪ್ರಾಣಿಯನ್ನು. ದಕ್ಷಿಣ ಕನ್ನಡದವರು ಇದನ್ನು ಮರುವಾಯಿ ಎನ್ನುತ್ತಾರೆ. ಉತ್ತರ ಕನ್ನಡದಲ್ಲಿ ಬೆಳಚು ಎಂಬ ಹೆಸರುಂಟು. ಕೊಂಕಣಿಗರಲ್ಲಿ ಖುಬೆ, ತಿಸ್ರೆ ಎಂಬ ಮಾತುಗಳು ಬಳಕೆಯಲ್ಲಿವೆ. ಘಟ್ಟದ ಮೇಲಿನವರಿಗೆ ಕಪ್ಪೆಚಿಪ್ಪು ಎಂದರೆ ಕೂಡಲೆ ತಿಳಿಯುತ್ತದೆ. ಇವು ಯಾವುವೂ ಒಂದೇ ಜಾತಿಯ ಹೆಸರಲ್ಲ. ಮೃದ್ವಂಗಿಗಳೆಂಬ ದೊಡ್ಡ ವರ್ಗಕ್ಕೆ ಸೇರಿದ, ಎರಡು ಚಿಪ್ಪುಳ್ಳ ಹಲವು ಜಾತಿಗಳಿಗೆ ಜನರು ಕೊಟ್ಟಿರುವ ಹೆಸರುಗಳು. ಈ ಲೇಖನದಲ್ಲಿ ನಾವು ಮರುವಾಯಿ ಎಂಬ ಮಾತನ್ನೇ ಎಲ್ಲಕ್ಕೂ ಬಳಸೋಣ.

ಮರಳನ್ನು ಕೆದಕಿ ಚಿಪ್ಪನ್ನು ಆರಿಸುವುದಕ್ಕೆ ಯಾವ ಶಾಸ್ತ್ರದ ಅಗತ್ಯವಿದೆ ಎಂದು ಓದುಗರು ಕೇಳಬಹುದು. ಆದರೆ ಈ ಕೆಲಸವನ್ನು ಚೆನ್ನಾಗಿ ಬಲ್ಲವರು ಮೂರು ಪ್ರಶ್ನೆಗಳಿಗೆ ಉತ್ತರವನ್ನು ತಿಳಿದಿರುತ್ತಾರೆ: ಯಾವ ಹೊತ್ತಿನಲ್ಲಿ ಹೋಗಬೇಕು, ಎಂತಹದನ್ನು ತೆಗೆಯಬೇಕು, ಯಾವ ನೀರಿನಿಂದ ತೆಗೆಯಬಾರದು. ಮೊದಲನೆಯದನ್ನು ತಿಳಿಯದವನು ನೀರಿನ ನಡುವೆ ಸಿಕ್ಕಿಕೊಳ್ಳುತ್ತಾನೆ. ಎರಡನೆಯದನ್ನು ತಿಳಿಯದ ಊರು ಕೆಲವೇ ವರ್ಷಗಳಲ್ಲಿ ತನ್ನ ದಿಬ್ಬಗಳನ್ನು ಬರಿದುಮಾಡಿಕೊಳ್ಳುತ್ತದೆ. ಮೂರನೆಯದನ್ನು ತಿಳಿಯದವನಿಗೆ ಊಟವೇ ಪ್ರಾಣಕ್ಕೆ ಮುಳುವಾಗಬಹುದು. ಈ ಮೂರು ಉತ್ತರಗಳ ಹಿಂದೆ ಇರುವ ವಿಜ್ಞಾನವನ್ನು ಒಂದೊಂದಾಗಿ ವಿಚಾರಮಾಡೋಣ.

ಚಂದ್ರನು ನಿಗದಿಮಾಡುವ ಹೊತ್ತು

ಮರುವಾಯಿಯ ದಿಬ್ಬಗಳು ದಿನದ ಬಹುಭಾಗ ನೀರಿನ ಅಡಿಯಲ್ಲಿರುತ್ತವೆ. ಅವು ಮೇಲಕ್ಕೆ ಕಾಣಿಸಿಕೊಳ್ಳುವುದು ಇಳಿತದ ಕಾಲದಲ್ಲಿ ಮಾತ್ರ. ಉಬ್ಬರ ಮತ್ತು ಇಳಿತಗಳಿಗೆ ಚಂದ್ರ ಸೂರ್ಯರ ಆಕರ್ಷಣೆಯೇ ಕಾರಣವೆಂಬುದನ್ನು ವಿದ್ಯಾರ್ಥಿಗಳು ಶಾಲೆಯಲ್ಲಿಯೇ ಕಲಿತಿರುತ್ತಾರೆ. ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಸೂರ್ಯನು ಭೂಮಿಯನ್ನು ಚಂದ್ರನಿಗಿಂತ ಎಷ್ಟೋ ಹೆಚ್ಚು ಬಲದಿಂದ ಎಳೆಯುತ್ತಾನೆ. ಹೀಗಿದ್ದೂ ಸಮುದ್ರದ ಮೇಲೆ ಚಂದ್ರನ ಅಧಿಕಾರವೇ ಹೆಚ್ಚಾಗಿರುವುದೇಕೆ?

ಉಬ್ಬರವನ್ನು ಎಬ್ಬಿಸುವುದು ಆಕರ್ಷಣೆಯ ಒಟ್ಟು ಬಲವಲ್ಲ. ಭೂಮಿಯ ಹತ್ತಿರದ ಮಗ್ಗುಲನ್ನು ಎಳೆಯುವ ಬಲಕ್ಕೂ ದೂರದ ಮಗ್ಗುಲನ್ನು ಎಳೆಯುವ ಬಲಕ್ಕೂ ಇರುವ ವ್ಯತ್ಯಾಸ. ಆಕರ್ಷಣೆಯು ದೂರದ ವರ್ಗಕ್ಕೆ ವಿಲೋಮವಾಗಿ ಕಡಮೆಯಾಗುತ್ತದೆ. ಈ ವ್ಯತ್ಯಾಸವಾದರೋ ದೂರದ ಘನಕ್ಕೆ ವಿಲೋಮವಾಗಿ ಕಡಮೆಯಾಗುತ್ತದೆ. ಈಗ ಲೆಕ್ಕ ಮಾಡೋಣ. ಸೂರ್ಯನ ದ್ರವ್ಯರಾಶಿಯು ಚಂದ್ರನದಕ್ಕಿಂತ ಸುಮಾರು ೨ ಕೋಟಿ ೭೦ ಲಕ್ಷ ಪಾಲು ಹೆಚ್ಚು. ಆದರೆ ಅವನು ಚಂದ್ರನಿಗಿಂತ ಸುಮಾರು ೩೯೦ ಪಾಲು ದೂರದಲ್ಲಿದ್ದಾನೆ. ೩೯೦ರ ಘನವು ಸುಮಾರು ೫ ಕೋಟಿ ೯೦ ಲಕ್ಷ. ೨೭೦ ಲಕ್ಷವನ್ನು ೫೯೦ ಲಕ್ಷದಿಂದ ಭಾಗಿಸಿದರೆ ೦.೪೬ ಬರುತ್ತದೆ. ಎಂದರೆ ಸಮುದ್ರವನ್ನು ಏರಿಳಿಸುವುದರಲ್ಲಿ ಸೂರ್ಯನ ಶಕ್ತಿ ಚಂದ್ರನ ಶಕ್ತಿಯ ಅರ್ಧಕ್ಕೂ ಸ್ವಲ್ಪ ಕಡಮೆ.

ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ಸೂರ್ಯ, ಚಂದ್ರ, ಭೂಮಿಗಳು ಹೆಚ್ಚುಕಡಮೆ ಒಂದೇ ಸಾಲಿನಲ್ಲಿರುವುದರಿಂದ ಎರಡು ಬಲಗಳೂ ಕೂಡಿಕೊಳ್ಳುತ್ತವೆ. ಆಗ ಉಬ್ಬರ ಹೆಚ್ಚು ಮೇಲಕ್ಕೇರುತ್ತದೆ, ಇಳಿತ ಹೆಚ್ಚು ಕೆಳಕ್ಕಿಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಅವೆರಡೂ ಒಂದಕ್ಕೊಂದು ಅಡ್ಡವಾಗಿ ಎಳೆಯುವುದರಿಂದ ಏರಿಳಿತ ಕಡಮೆ. ನೀರಿಗೆ ತನ್ನದೇ ಆದ ಜಡತ್ವವೂ ದಂಡೆಗಳ ಅಡಚಣೆಯೂ ಇರುವುದರಿಂದ ಈ ಪರಿಣಾಮಗಳು ಸಾಮಾನ್ಯವಾಗಿ ತಿಥಿಗಿಂತ ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳುತ್ತವೆ. ಮರುವಾಯಿ ತೆಗೆಯುವವರು ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ದಿನಗಳನ್ನು ಕಾಯುವುದು ಇದಕ್ಕಾಗಿಯೇ. ಅಷ್ಟಮಿಯ ದಿನ ನೀರಿನಡಿಯಲ್ಲಿಯೇ ಉಳಿಯುವ ದಿಬ್ಬಗಳು ಆಗ ಬಯಲಾಗುತ್ತವೆ.

ಹೊತ್ತಿನ ವಿಚಾರವೂ ಸರಳವೇ. ಚಂದ್ರನು ಆಕಾಶದಲ್ಲಿ ಒಂದು ಸುತ್ತು ಬಂದಂತೆ ಕಾಣುವುದಕ್ಕೆ ೨೪ ಗಂಟೆ ೫೦ ಮಿನಿಟು ಹಿಡಿಯುತ್ತದೆ. ಆದುದರಿಂದ ಒಂದು ಇಳಿತದಿಂದ ಮತ್ತೊಂದು ಇಳಿತಕ್ಕೆ ಸುಮಾರು ೧೨ ಗಂಟೆ ೨೫ ಮಿನಿಟು. ಇಂದಿನ ಇಳಿತಕ್ಕಿಂತ ನಾಳಿನ ಇಳಿತ ಸುಮಾರು ೫೦ ಮಿನಿಟು ತಡ. ಹದಿನೈದು ದಿನಗಳಲ್ಲಿ ಈ ತಡವು ಹನ್ನೆರಡು ಹನ್ನೆರಡೂವರೆ ಗಂಟೆಗಳಾಗಿ, ಲೆಕ್ಕವು ಮತ್ತೆ ಮೊದಲಿನ ಸ್ಥಾನಕ್ಕೆ ಬರುತ್ತದೆ. ಒಂದು ಊರಿನಲ್ಲಿ ಅಮಾವಾಸ್ಯೆಯ ದೊಡ್ಡ ಇಳಿತ ಯಾವ ಗಂಟೆಗೆ ಬೀಳುವುದೋ ಹುಣ್ಣಿಮೆಯದೂ ಹೆಚ್ಚುಕಡಮೆ ಅದೇ ಗಂಟೆಗೆ ಬೀಳುವುದು ಇದರಿಂದಲೇ. ಓದುಬರಹ ಕಲಿಯದ ಮುದುಕಿಯೊಬ್ಬಳು ತಿಥಿಯನ್ನು ಎಣಿಸಿ ನೀರಿಳಿಯುವ ಹೊತ್ತನ್ನು ಹೇಳಿದರೆ ಅದರಲ್ಲಿ ಪವಾಡವೇನೂ ಇಲ್ಲ. ಹೊಸಬರಾದರೆ ಭಾರತೀಯ ಸರ್ವೇಕ್ಷಣಾ ಇಲಾಖೆಯು ವರ್ಷವರ್ಷವೂ ಪ್ರಕಟಿಸುವ ಉಬ್ಬರವಿಳಿತದ ಪಟ್ಟಿಯನ್ನು ನೋಡಿಕೊಳ್ಳುವುದು ಒಳ್ಳೆಯದು.

ಹಿಂದಿರುಗುವ ಲೆಕ್ಕ

ಹೋಗುವ ಹೊತ್ತಿಗಿಂತ ಹಿಂದಿರುಗುವ ಹೊತ್ತು ಮುಖ್ಯವಾದುದು. ಇಳಿದ ನೀರು ಸುಮಾರು ಆರು ಗಂಟೆಗಳಲ್ಲಿ ಮತ್ತೆ ಏರುತ್ತದೆ. ಆದರೆ ಒಂದೇ ಸಮನಾದ ವೇಗದಿಂದ ಏರುವುದಿಲ್ಲ. ಗಡಿಯಾರದ ಲೋಲಕವು ತುದಿಗಳಲ್ಲಿ ನಿಧಾನವಾಗಿಯೂ ನಡುವಿನಲ್ಲಿ ವೇಗವಾಗಿಯೂ ಚಲಿಸುವಂತೆಯೇ ಕಡಲಿನ ಮಟ್ಟವೂ ಚಲಿಸುತ್ತದೆ. ನಾವಿಕರು ಇದಕ್ಕೊಂದು ಒರಟು ಲೆಕ್ಕವನ್ನು ಇಟ್ಟುಕೊಂಡಿದ್ದಾರೆ: ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲನೆಯ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು.

ಲೆಕ್ಕಕ್ಕೆ ಸುಲಭವಾಗಲೆಂದು ಒಟ್ಟು ಏರಿಕೆ ೧.೮ ಮೀಟರು ಎಂದು ಇಟ್ಟುಕೊಳ್ಳೋಣ. ಆಗ ಒಂದು ಪಾಲು ೧೫ ಸೆಂಟಿಮೀಟರು. ಮೊದಲ ಗಂಟೆಯಲ್ಲಿ ನೀರು ಏರುವುದು ೧೫ ಸೆಂಟಿಮೀಟರು ಮಾತ್ರ. ಅಗೆಯುವವನಿಗೆ ಅದು ಗಮನಕ್ಕೂ ಬಾರದು. ಆದರೆ ಮೂರನೆಯ ಗಂಟೆಯಲ್ಲಿ ಅದು ೪೫ ಸೆಂಟಿಮೀಟರು ಏರುತ್ತದೆ. ದಿಬ್ಬದ ಇಳಿಜಾರು ೨೦೦ ಮೀಟರಿಗೆ ಒಂದು ಮೀಟರಿನಂತೆ ಇದ್ದರೆ, ಆ ಒಂದು ಗಂಟೆಯಲ್ಲಿ ನೀರಿನ ಅಂಚು ೯೦ ಮೀಟರು ಮುಂದಕ್ಕೆ ಬರುತ್ತದೆ. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದುಂಟು. ದಿಬ್ಬಕ್ಕೂ ದಂಡೆಗೂ ನಡುವೆ ತಗ್ಗಾದ ಕಾಲುವೆಗಳಿರುತ್ತವೆ. ಏರುವ ನೀರು ಮೊದಲು ತುಂಬುವುದು ಅವುಗಳನ್ನು. ದಿಬ್ಬದ ನೆತ್ತಿಯು ಒಣಗಿರುವಾಗಲೇ ಹಿಂದಿನ ದಾರಿ ಕತ್ತಿನವರೆಗಿನ ಆಳವಾಗಿರಬಹುದು. ಆದುದರಿಂದ ಇಳಿತದ ಕಟ್ಟಕಡೆಯ ಒಂದೆರಡು ಗಂಟೆ ಕೆಲಸ ಮಾಡಿ, ನೀರು ತಿರುಗಿದ ಕೂಡಲೆ ದಂಡೆಯತ್ತ ಮುಖ ಮಾಡುವುದೇ ಅನುಭವಿಗಳ ಪದ್ಧತಿ.

ಚಿಪ್ಪಿನೊಳಗಿನ ಯಂತ್ರ

ಈಗ ಪ್ರಾಣಿಯನ್ನೇ ಕೈಗೆತ್ತಿಕೊಂಡು ನೋಡೋಣ. ಎರಡು ಚಿಪ್ಪುಗಳನ್ನು ಬೆನ್ನಿನ ಕಡೆಯಲ್ಲಿ ಒಂದು ಗಡುಸಾದ ಪಟ್ಟಿ ಕೂಡಿಸಿರುತ್ತದೆ. ಇದು ಬಾಗಿಲಿನ ತಿರುಗಣಿಯಷ್ಟೇ ಅಲ್ಲ, ಸ್ಥಿತಿಸ್ಥಾಪಕ ಗುಣವುಳ್ಳ ಒಂದು ಸ್ಪ್ರಿಂಗು ಕೂಡ ಆಗಿದೆ. ಇದರ ಸ್ವಭಾವವೇ ಚಿಪ್ಪುಗಳನ್ನು ತೆರೆಯುವುದು. ಚಿಪ್ಪುಗಳನ್ನು ಮುಚ್ಚುವುದಕ್ಕೆ ಒಳಗಡೆ ಎರಡು ಬಲವಾದ ಸ್ನಾಯುಗಳಿವೆ; ಇವುಗಳಲ್ಲಿ ಒಂದು ಭಾಗವು ಅತ್ಯಲ್ಪ ಶಕ್ತಿಯನ್ನು ವೆಚ್ಚಮಾಡಿ ಬಹಳ ಹೊತ್ತು ಬಿಗಿಹಿಡಿದಿರಬಲ್ಲದು. ಬಾಗಿಲು ಮುಚ್ಚಿರುವುದು ಜೀವಂತ ಸ್ನಾಯುವಿನ ಕೆಲಸ, ತೆರೆಯುವುದು ನಿರ್ಜೀವ ಸ್ಪ್ರಿಂಗಿನ ಕೆಲಸ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಅಡಿಗೆಮನೆಯ ಒಂದು ಮುಖ್ಯವಾದ ನಿಯಮ ತಾನಾಗಿ ಅರ್ಥವಾಗುತ್ತದೆ. ಅದನ್ನು ಮುಂದೆ ನೋಡೋಣ.

ಮರುವಾಯಿಗೆ ತಲೆಯಿಲ್ಲ, ಆಹಾರವನ್ನು ಹುಡುಕಿಕೊಂಡು ಅದು ಅಲೆಯುವುದೂ ಇಲ್ಲ. ಮರಳಿನಲ್ಲಿ ನಾಲ್ಕಾರು ಬೆರಳು ಆಳದಲ್ಲಿ ಹೂತುಕೊಂಡು, ಎರಡು ಸಣ್ಣ ಕೊಳವೆಗಳನ್ನು ಮೇಲಕ್ಕೆ ಚಾಚುತ್ತದೆ. ಒಂದರಿಂದ ನೀರು ಒಳಗೆ ಬರುತ್ತದೆ, ಇನ್ನೊಂದರಿಂದ ಹೊರಗೆ ಹೋಗುತ್ತದೆ. ಈ ಪ್ರವಾಹವನ್ನು ನಡೆಸುವುದು ಕಿವಿರುಗಳ ಮೇಲಿರುವ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅಸಂಖ್ಯಾತ ರೋಮಗಳ ಬಡಿತ. ಕಿವಿರುಗಳು ನೀರಿನಿಂದ ಆಮ್ಲಜನಕವನ್ನು ಹೀರುವುದಲ್ಲದೆ, ಅದರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನೂ ಕಣಗಳನ್ನೂ ಸೋಸಿ ಬಾಯಿಗೆ ಸಾಗಿಸುತ್ತವೆ. ಒಂದೊಂದು ಮರುವಾಯಿಯೂ ಒಂದು ದಿನದಲ್ಲಿ ತನ್ನ ಗಾತ್ರಕ್ಕಿಂತ ಎಷ್ಟೋ ನೂರು ಪಾಲು ನೀರನ್ನು ಹೀಗೆ ಸೋಸಿಬಿಡುತ್ತದೆ. ನೀರು ತಿಳಿಯಾಗಿರುವುದಕ್ಕೆ ಇವುಗಳ ಉಪಕಾರ ಸಣ್ಣದಲ್ಲ. ಆದರೆ ಸೋಸುವ ಅರಿವೆಯಲ್ಲಿ ಏನು ಉಳಿಯುವುದೆಂಬುದು ನೀರಿನಲ್ಲಿ ಏನಿತ್ತೆಂಬುದನ್ನು ಅವಲಂಬಿಸಿದೆಯಷ್ಟೆ. ಈ ಮಾತಿಗೂ ನಾವು ಹಿಂದಿರುಗಬೇಕಾಗುತ್ತದೆ.

ದಿಬ್ಬದ ಮೇಲೆ ನಡೆಯುವಾಗ ಜೋಡಿಯಾದ ಪುಟ್ಟ ತೂತುಗಳು ಕಂಡರೆ, ಇಲ್ಲವೆ ಹೆಜ್ಜೆಯಿಟ್ಟೆಡೆಯಲ್ಲಿ ನೀರಿನ ಸಣ್ಣ ಚಿಲುಮೆ ಚಿಮ್ಮಿದರೆ, ಅಲ್ಲಿ ಕೊಳವೆಗಳನ್ನು ಒಳಗೆಳೆದುಕೊಂಡ ಮರುವಾಯಿ ಇದೆಯೆಂದು ತಿಳಿಯಬಹುದು.

ಮರಳಿನ ವಿಚಿತ್ರ ಗುಣ

ಒದ್ದೆಯಾದ ಕಡಲತೀರದಲ್ಲಿ ನಡೆದವರೆಲ್ಲರೂ ಒಂದು ಸಂಗತಿಯನ್ನು ನೋಡಿರುತ್ತಾರೆ. ಕಾಲಿಟ್ಟ ಕೂಡಲೆ ಪಾದದ ಸುತ್ತಲಿನ ಮರಳು ಒಣಗಿದಂತೆ ಬಿಳುಪೇರುತ್ತದೆ. ಒಂದೆರಡು ಕ್ಷಣಗಳಲ್ಲಿ ಮತ್ತೆ ಒದ್ದೆಯಾಗುತ್ತದೆ. ಒತ್ತಿದಾಗ ನೀರು ಹೊರಗೆ ಬರಬೇಕಲ್ಲವೆ? ಅದು ಒಳಗೆ ಹೋಗುವುದೇಕೆ? ೧೮೮೫ರಲ್ಲಿ ಆಸ್ಬರ್ನ್ ರೇನಾಲ್ಡ್ಸ್ ಎಂಬ ವಿಜ್ಞಾನಿ ಇದಕ್ಕೆ ಉತ್ತರ ಕೊಟ್ಟನು. ಅಲೆಗಳು ಕುಲುಕಿ ಕೂರಿಸಿದ ಮರಳಿನ ಕಣಗಳು ಒಂದರ ಸಂದಿನಲ್ಲಿ ಇನ್ನೊಂದು ಒತ್ತಾಗಿ ಕುಳಿತಿರುತ್ತವೆ. ಅವುಗಳನ್ನು ಅಲುಗಿಸಬೇಕಾದರೆ ಒಂದು ಕಣವು ಇನ್ನೊಂದರ ಮೇಲೆ ಹತ್ತಿ ದಾಟಬೇಕು. ಹಾಗೆ ದಾಟುವಾಗ ಸಂದುಗಳು ಅಗಲವಾಗುತ್ತವೆ. ಮರಳಿನ ಒಟ್ಟು ಗಾತ್ರ ಹೆಚ್ಚಿ, ಮೇಲಿನ ನೀರು ಆ ಸಂದುಗಳೊಳಕ್ಕೆ ಇಳಿದುಹೋಗುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದು ದಪ್ಪ ರಬ್ಬರು ಬುಗ್ಗೆಯಲ್ಲಿ ಮರಳನ್ನು ತುಂಬಿ, ಕುಲುಕಿ ಒತ್ತಾಗಿಸಿ, ಬಣ್ಣದ ನೀರನ್ನು ಸಂದುಗಳೆಲ್ಲ ತುಂಬುವಂತೆ ಸುರಿಯಿರಿ. ಬುಗ್ಗೆಯ ಬಾಯಿಗೆ ಗಾಜಿನ ಕೊಳವೆಯೊಂದನ್ನು ಬಿಗಿಯಾಗಿ ಕಟ್ಟಿ, ಕೊಳವೆಯ ಅರ್ಧದವರೆಗೆ ನೀರು ನಿಲ್ಲುವಂತೆ ಮಾಡಿ. ಈಗ ಬುಗ್ಗೆಯನ್ನು ಹಿಚುಕಿದರೆ ಕೊಳವೆಯಲ್ಲಿ ನೀರು ಏರುವುದಕ್ಕೆ ಬದಲಾಗಿ ಇಳಿಯುತ್ತದೆ!

ಒತ್ತಾದ ಮರಳಿನೊಳಕ್ಕೆ ಯಾವುದನ್ನಾದರೂ ಬಲವಂತವಾಗಿ ತಳ್ಳುವುದು ಎಷ್ಟು ಕಷ್ಟವೆಂಬುದು ಇದರಿಂದ ಗೊತ್ತಾಗುತ್ತದೆ. ಹಾಗಾದರೆ ಮೂಳೆಯೂ ಉಗುರೂ ಇಲ್ಲದ ಮರುವಾಯಿ ಅದರೊಳಕ್ಕೆ ಇಳಿಯುವುದು ಹೇಗೆ? ಅದಕ್ಕೊಂದು ಮಾಂಸಲವಾದ ಪಾದವುಂಟು. ಚಿಪ್ಪು ಸ್ವಲ್ಪ ತೆರೆದು ಎರಡೂ ಮಗ್ಗುಲಿನ ಮರಳಿಗೆ ಒತ್ತಿ ನಿಲ್ಲುತ್ತದೆ. ಆ ಆಸರೆಯಿಂದ ಪಾದವು ಕೆಳಕ್ಕೆ ಚಾಚಿಕೊಳ್ಳುತ್ತದೆ. ಬಳಿಕ ಪಾದದ ತುದಿಯು ರಕ್ತದಿಂದ ಉಬ್ಬಿ ಲಂಗರಿನಂತೆ ಕಚ್ಚಿಕೊಳ್ಳುತ್ತದೆ. ಆಗ ಚಿಪ್ಪು ಥಟ್ಟನೆ ಮುಚ್ಚಿ, ಒಳಗಿನ ನೀರು ಹೊರಕ್ಕೆ ಚಿಮ್ಮಿ ಮರಳನ್ನು ಸಡಿಲಿಸುತ್ತದೆ. ಆ ಕ್ಷಣದಲ್ಲಿ ಪಾದವು ಚಿಪ್ಪನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಒಮ್ಮೆ ಚಿಪ್ಪು ಲಂಗರು, ಒಮ್ಮೆ ಪಾದ ಲಂಗರು. ಹೀಗೆ ಹೆಜ್ಜೆಹೆಜ್ಜೆಯಾಗಿ ಇಳಿತ.

ಈ ಕೌಶಲವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಉತ್ತರ ಅಮೆರಿಕದ ಅಟ್ಲಾಂಟಿಕ್ ತೀರದಲ್ಲಿ ವಾಸಿಸುವ ಒಂದು ಬಂಧುವಿನಲ್ಲಿ. ಕ್ಷೌರದ ಕತ್ತಿಯಂತೆ ನೀಳವಾದ ಚಿಪ್ಪುಳ್ಳ ಈ ಪ್ರಾಣಿ ಸುಮಾರು ೭೦ ಸೆಂಟಿಮೀಟರು ಆಳಕ್ಕೆ ಹೋಗಬಲ್ಲದು. ಅದು ಎಳೆಯಬಲ್ಲ ಬಲ ಸುಮಾರು ೧೦ ನ್ಯೂಟನ್, ಎಂದರೆ ಒಂದು ಕಿಲೋಗ್ರಾಂ ತೂಕದಷ್ಟು. ಅಷ್ಟು ಬಲದಿಂದ ಅಲುಗದ ಮರಳಿನೊಳಕ್ಕೆ ತಳ್ಳಿದರೆ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಹೋಗಲಾಗದು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಗುಟ್ಟನ್ನು ವಿವರಿಸಿದ್ದಾರೆ. ಚಿಪ್ಪು ಬೇಗನೆ ಕುಗ್ಗಿದಾಗ ಸುತ್ತಲಿನ ಮರಳಿನ ಮೇಲಿನ ಒತ್ತಡ ತಗ್ಗಿ, ನೀರು ಅಲ್ಲಿಗೆ ನುಗ್ಗಿ, ಕಣಗಳು ಒಂದನ್ನೊಂದು ಮುಟ್ಟದಂತೆ ತೇಲುತ್ತವೆ. ಪ್ರಾಣಿಯು ಗಟ್ಟಿಯಾದ ನೆಲದಲ್ಲಿ ಅಲ್ಲ, ತಾನೇ ಮಾಡಿಕೊಂಡ ದ್ರವದಲ್ಲಿ ಇಳಿಯುತ್ತದೆ. ಹಡಗಿನ ಲಂಗರುಗಳನ್ನು ಕಡಮೆ ಶಕ್ತಿಯಿಂದ ನೆಲಕ್ಕಿಳಿಸಲು ಈ ತತ್ತ್ವವನ್ನು ಬಳಸುವ ಯಂತ್ರವನ್ನೂ ಅವರು ರಚಿಸಿದರು.

ಇದೇ ತತ್ತ್ವವು ಕೆಸರಿನಲ್ಲಿ ಕಾಲು ಹೂತುಹೋದವನಿಗೂ ಉಪಯೋಗಕ್ಕೆ ಬರುತ್ತದೆ. ಕಾಲನ್ನು ಜಗ್ಗಿ ಎಳೆದರೆ ಪಾದದ ಕೆಳಗೆ ಒತ್ತಡ ತಗ್ಗುತ್ತದೆ. ಪಾದದ ವಿಸ್ತಾರ ೨೦೦ ಚದರ ಸೆಂಟಿಮೀಟರು ಇದ್ದು, ಒತ್ತಡವು ವಾಯುಮಂಡಲದ ಹತ್ತರಲ್ಲಿ ಒಂದು ಪಾಲು ತಗ್ಗಿದರೂ, ಸುಮಾರು ೨೦ ಕಿಲೋಗ್ರಾಂ ತೂಕದಷ್ಟು ಬಲ ಕಾಲನ್ನು ಕೆಳಕ್ಕೆ ಹಿಡಿಯುತ್ತದೆ. ಆದುದರಿಂದ ಗಾಬರಿಯಿಂದ ಜಗ್ಗಬಾರದು. ಕಾಲನ್ನು ಮೆಲ್ಲಗೆ ಅತ್ತಿತ್ತ ಅಲುಗಿಸಿ ನೀರು ಕೆಳಕ್ಕಿಳಿಯಲು ದಾರಿ ಮಾಡಿಕೊಟ್ಟರೆ, ಕೆಸರು ಸಡಿಲವಾಗಿ ಕಾಲು ಮೇಲಕ್ಕೆ ಬರುತ್ತದೆ.

ಎಂತಹದನ್ನು ತೆಗೆಯಬೇಕು

ಎರಡು ಸೆಂಟಿಮೀಟರು ಉದ್ದದ ಮರುವಾಯಿಗೂ ನಾಲ್ಕು ಸೆಂಟಿಮೀಟರಿನದಕ್ಕೂ ಇರುವ ಅಂತರ ಎಷ್ಟು? ಉದ್ದ ಎರಡು ಪಾಲಾದರೆ ಅಗಲವೂ ದಪ್ಪವೂ ಎರಡೆರಡು ಪಾಲಾಗುತ್ತವೆ. ಗಾತ್ರವು ಎಂಟು ಪಾಲಾಗುತ್ತದೆ. ದೊಡ್ಡದೊಂದರಲ್ಲಿ ದೊರೆಯುವ ಮಾಂಸಕ್ಕೆ ಚಿಕ್ಕವು ಎಂಟು ಬೇಕು. ಮೇಲಾಗಿ, ದೊಡ್ಡದು ಅಷ್ಟರೊಳಗೆ ಮೊಟ್ಟೆಗಳನ್ನು ನೀರಿಗೆ ಬಿಟ್ಟು ಮುಂದಿನ ಬೆಳೆಗೆ ಬೀಜ ಬಿತ್ತಿರುತ್ತದೆ. ಚಿಕ್ಕದನ್ನು ತೆಗೆದವನು ಎಂಟು ಜೀವಗಳನ್ನೂ ಅವುಗಳ ಸಂತತಿಯನ್ನೂ ಒಂದರ ಬೆಲೆಗೆ ಮಾರಿದಂತಾಗುತ್ತದೆ. ಬೆರಳಿನ ಸಂದಿನಿಂದ ಜಾರುವಷ್ಟು ಚಿಕ್ಕವನ್ನು ಅಲ್ಲಿಯೇ ಮರಳಿಗೆ ಬಿಡುವುದು ಧರ್ಮವೂ ಹೌದು, ಗಣಿತವೂ ಹೌದು.

ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಹಿನ್ನೀರಿನಲ್ಲಿ ಈ ನಿಯಮವನ್ನು ಊರವರೇ ಒಪ್ಪಿ ನಡೆಸಿಕೊಂಡು ಬಂದಿದ್ದಾರೆ. ಮರುವಾಯಿ ಮರಿಮಾಡುವ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳಲ್ಲಿ ಅವರು ಅದನ್ನು ತೆಗೆಯುವುದಿಲ್ಲ. ಚಿಕ್ಕವು ಜಾರಿಹೋಗುವಂತೆ ಬಲೆಯ ಕಣ್ಣುಗಳನ್ನು ಅಗಲವಾಗಿಡುತ್ತಾರೆ. ೨೦೧೪ರಲ್ಲಿ ಆ ಮೀನುಗಾರಿಕೆಗೆ ಮರೈನ್ ಸ್ಟೂಅರ್ಡ್‌ಶಿಪ್ ಕೌನ್ಸಿಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪ್ರಮಾಣಪತ್ರ ದೊರೆಯಿತು. ಭಾರತದಲ್ಲಿ ಅಂತಹ ಮನ್ನಣೆ ಪಡೆದ ಮೊದಲನೆಯ ಮೀನುಗಾರಿಕೆ ಅದೇ.

ಉಪ್ಪಿನ ಹದ

ಸಮುದ್ರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು ೩೫ ಗ್ರಾಂ ಲವಣಗಳಿರುತ್ತವೆ. ನದಿಯ ನೀರಿನಲ್ಲಿ ಇಲ್ಲವೆಂದೇ ಹೇಳಬಹುದು. ಅಳಿವೆಯಲ್ಲಿ ಈ ಎರಡು ನೀರುಗಳೂ ಕೂಡುತ್ತವೆ. ಉಪ್ಪು ಕಡಮೆಯಿರುವ ಮೇಲ್ಭಾಗದಲ್ಲಿ ವಿಲೋರಿಟಾ ಎಂಬ ಕಪ್ಪು ಮರುವಾಯಿ, ಅಳಿವೆಯ ಬಾಯಿಯ ಉಪ್ಪು ನೀರಿನಲ್ಲಿ ಪ್ಯಾಫಿಯಾ, ನಡುವಣ ಹದದಲ್ಲಿ ಮೆರೆಟ್ರಿಕ್ಸ್ ಹೀಗೆ ಒಂದೊಂದು ಜಾತಿಯೂ ತನಗೆ ಒಗ್ಗಿದ ಜಾಗವನ್ನು ಆರಿಸಿಕೊಂಡಿದೆ. ಮಳೆಗಾಲದಲ್ಲಿ ನದಿ ತುಂಬಿಬಂದಾಗ ನೀರು ಸಿಹಿಯಾಗುತ್ತದೆ. ಆಗ ಆಸ್ಮಾಸಿಸ್ ಕ್ರಿಯೆಯಿಂದ ಸಿಹಿನೀರು ಜೀವಕೋಶಗಳೊಳಕ್ಕೆ ನುಗ್ಗಲು ತೊಡಗುವುದರಿಂದ, ಮರುವಾಯಿ ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು ಕಷ್ಟಕಾಲವನ್ನು ಕಳೆಯುತ್ತದೆ. ಕೆಲವು ಸಾಯುತ್ತವೆ. ಮಳೆ ನಿಂತು ಉಪ್ಪು ಮರಳಿದ ಮೇಲೆ ಹೊಸ ಮರಿಗಳು ಬಂದು ನೆಲೆಸುತ್ತವೆ.

ಕೆಲವು ವಾರಗಳ ಸಿಹಿನೀರನ್ನು ತಾಳಬಲ್ಲ ಪ್ರಾಣಿ, ವರ್ಷವಿಡೀ ಅದನ್ನು ತಾಳಲಾರದು. ಇದಕ್ಕೆ ಉತ್ತರ ಕನ್ನಡದ ಎರಡು ನದಿಗಳೇ ನಿದರ್ಶನ. ಶಿರಸಿಯ ಕಡೆ ಹುಟ್ಟಿ ಕುಮಟೆಯ ಬಳಿ ಕಡಲನ್ನು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಅದರ ಅಳಿವೆಯಲ್ಲಿ ಮರುವಾಯಿ ಇಂದಿಗೂ ಸಮೃದ್ಧವಾಗಿದ್ದು, ಸಾವಿರಾರು ಜನರ ಜೀವನಕ್ಕೆ ಆಧಾರವಾಗಿದೆ. ೨೦೨೪ರಲ್ಲಿ ಈ ಅಳಿವೆಯನ್ನು ರಾಮ್ಸಾರ್ ಒಪ್ಪಂದದ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಯಿತು. ಅಲ್ಲಿಂದ ಸುಮಾರು ೨೫ ಕಿಲೋಮೀಟರು ದಕ್ಷಿಣಕ್ಕೆ, ಹೊನ್ನಾವರದ ಬಳಿ ಶರಾವತಿಯ ಅಳಿವೆ ಇದೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ, ವಿದ್ಯುತ್ತನ್ನು ಉತ್ಪಾದಿಸಿದ ಸಿಹಿನೀರು ಬೇಸಗೆಯಲ್ಲಿಯೂ ಈ ನದಿಯಲ್ಲಿ ಹರಿದುಬರುತ್ತಿದೆ. ಬೇಸಗೆಯಲ್ಲಿ ಏರಬೇಕಾದ ಉಪ್ಪು ಏರುವುದಿಲ್ಲ. ಉಪ್ಪನ್ನು ಬಯಸುವ ಮರುವಾಯಿಗಳು ಅಲ್ಲಿ ವಿರಳವಾಗಿವೆ. ನಾಡಿಗೆ ಬೆಳಕನ್ನು ಕೊಟ್ಟ ನೀರು ಕೆಳಗಿನ ದಿಬ್ಬದವರ ಬುಟ್ಟಿಯಿಂದ ಏನನ್ನು ತೆಗೆದುಕೊಂಡಿತೆಂಬುದನ್ನು ಯೋಜನೆಗಳ ಲೆಕ್ಕದಲ್ಲಿ ಬರೆಯುವುದು ಅಪರೂಪ.

ಅಡಿಗೆಮನೆಯಲ್ಲಿ

ಬುಟ್ಟಿ ಮನೆಗೆ ಬಂದಿತು ಎನ್ನೋಣ. ಮೊದಲು ಸತ್ತವನ್ನು ಬೇರ್ಪಡಿಸಬೇಕು. ಬಾಯಿ ತೆರೆದಿರುವ ಮರುವಾಯಿಯನ್ನು ಬೆರಳಿನಿಂದ ತಟ್ಟಿದರೆ, ಜೀವವಿದ್ದರೆ ಸ್ನಾಯುವು ಚಿಪ್ಪನ್ನು ಎಳೆದು ಮುಚ್ಚುತ್ತದೆ. ಮುಚ್ಚದಿದ್ದರೆ ಸ್ನಾಯು ಸತ್ತಿದೆ, ಸ್ಪ್ರಿಂಗು ಮಾತ್ರ ಉಳಿದಿದೆ ಎಂದರ್ಥ. ಅಂತಹದನ್ನು ಬಿಸುಡಬೇಕು, ನಮ್ಮ ಹವೆಯಲ್ಲಿ ಅದು ಕೊಳೆಯಲು ಹೆಚ್ಚು ಹೊತ್ತು ಬೇಡ.

ಎರಡನೆಯದು ಮರಳನ್ನು ಉಗುಳಿಸುವುದು. ಶುದ್ಧವಾದ ಕಡಲನೀರಿನಲ್ಲಿ, ಇಲ್ಲವೆ ಒಂದು ಲೀಟರಿಗೆ ಸುಮಾರು ೩೦ ಗ್ರಾಂ ಉಪ್ಪು ಕಲಸಿದ ನೀರಿನಲ್ಲಿ ಕೆಲವು ಗಂಟೆ ಇಟ್ಟರೆ, ಅದು ಕೊಳವೆಗಳನ್ನು ಚಾಚಿ ಒಳಗಿನ ಮರಳನ್ನು ತಾನೇ ಹೊರಹಾಕುತ್ತದೆ. ಬರಿಯ ಸಿಹಿನೀರಿನಲ್ಲಿ ಇಟ್ಟರೆ ಮಳೆಗಾಲ ಬಂದಿತೆಂಬಂತೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಮರಳು ಒಳಗೇ ಉಳಿಯುತ್ತದೆ.

ಕುದಿಯುವ ನೀರಿನ ಆವಿ ತಗಲಿದಾಗ ಸ್ನಾಯುವಿನ ಪ್ರೋಟೀನುಗಳು ರೂಪಗೆಟ್ಟು ಚಿಪ್ಪಿನ ಮೇಲಣ ಹಿಡಿತ ಬಿಡುತ್ತದೆ. ತಿರುಗಣಿಯ ಸ್ಪ್ರಿಂಗು ಚಿಪ್ಪನ್ನು ತೆರೆಯುತ್ತದೆ. ಚಿಪ್ಪು ತೆರೆದ ಕೂಡಲೆ ಇಳಿಸದೆ ಇನ್ನಷ್ಟು ಹೊತ್ತು ಬೇಯಿಸಬೇಕು. ಮರುವಾಯಿ ಸೋಸಿ ಹಿಡಿದಿರಬಹುದಾದ ರೋಗಾಣುಗಳು ಒಳಗಿನವರೆಗೂ ಕಾವು ತಗಲಿದಾಗಲೇ ಸಾಯುತ್ತವೆ. ಬಳಿಕ ತೆಂಗಿನಕಾಯಿ, ಮೆಣಸು, ಕೊತ್ತಂಬರಿಗಳ ಮಸಾಲೆ ಹಾಕಿದ ಮರುವಾಯಿ ಸುಕ್ಕವೂ, ಅಕ್ಕಿಯ ಪುಂಡಿಯೊಡನೆ ಕೂಡಿಸಿದ ಮರುವಾಯಿ ಪುಂಡಿಯೂ ಕರಾವಳಿಯ ಮನೆಗಳಲ್ಲಿ ಎಷ್ಟು ಪ್ರೀತಿಯ ಅಡಿಗೆಗಳೆಂಬುದನ್ನು ಹೇಳಬೇಕಾದುದಿಲ್ಲ. ಕಡಲಿನ ಉಪ್ಪು ಚಿಪ್ಪಿನೊಳಗಿನ ರಸದಲ್ಲಿಯೇ ಇರುವುದರಿಂದ ಉಪ್ಪನ್ನು ಕೊನೆಯಲ್ಲಿ ರುಚಿನೋಡಿ ಹಾಕುವುದು ಜಾಣತನ.

ಉಳಿದ ಚಿಪ್ಪೂ ವ್ಯರ್ಥವಲ್ಲ. ಅದು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟು. ಸುಟ್ಟರೆ ಇಂಗಾಲಾಮ್ಲ ಅನಿಲ ಹೊರಟುಹೋಗಿ, ೧೦೦ ಗ್ರಾಂ ಶುದ್ಧ ಕಾರ್ಬೊನೇಟಿನಿಂದ ೫೬ ಗ್ರಾಂ ಸುಟ್ಟಸುಣ್ಣ ದೊರೆಯುತ್ತದೆ. ಕರಾವಳಿಯ ಹಳೆಯ ಮನೆಗಳ ಗೋಡೆಗೂ ಅಜ್ಜಂದಿರ ವೀಳ್ಯಕ್ಕೂ ಸುಣ್ಣ ಬಂದದ್ದು ಹೀಗೆಯೇ.

ಬೆಂಕಿಗೆ ಬಗ್ಗದ ವಿಷ

ಬೇಯಿಸಿದರೆ ಸಾಕು, ಯಾವ ಭಯವೂ ಇಲ್ಲ ಎಂಬ ನಂಬಿಕೆ ಅನೇಕರಲ್ಲಿದೆ. ಇದು ಅರ್ಧಸತ್ಯ. ರೋಗಾಣುಗಳು ಕಾವಿಗೆ ಸಾಯುತ್ತವೆ, ನಿಜ. ಆದರೆ ಕಡಲಿನಲ್ಲಿ ತೇಲುವ ಕೆಲವು ಸೂಕ್ಷ್ಮಜೀವಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷವನ್ನೂ ಅದರ ಬಂಧುಗಳನ್ನೂ ಉತ್ಪತ್ತಿಮಾಡುತ್ತವೆ. ಅಲಾಸ್ಕಾದ ಸ್ಯಾಕ್ಸಿಡೋಮಸ್ ಎಂಬ ಮರುವಾಯಿಯ ಹೆಸರಿನಿಂದಲೇ ಈ ವಿಷಕ್ಕೆ ಹೆಸರು ಬಂದಿತು. ಇಂತಹ ಜೀವಿಗಳು ಹೆಚ್ಚಿದ ನೀರನ್ನು ಮರುವಾಯಿ ಸೋಸಿದಾಗ ವಿಷವು ಅದರ ಮೈಯಲ್ಲಿ ಕೂಡಿಕೊಳ್ಳುತ್ತದೆ. ಮರುವಾಯಿ ಮಾತ್ರ ಎಂದಿನಂತೆಯೇ ಇರುತ್ತದೆ. ಬಣ್ಣ, ವಾಸನೆ, ರುಚಿಗಳಿಂದ ಏನೂ ತಿಳಿಯದು. ಸಾಮಾನ್ಯವಾದ ಅಡಿಗೆಯ ಕಾವಿಗೆ ಈ ವಿಷ ನಾಶವಾಗುವುದಿಲ್ಲ.

ನಮ್ಮ ನರಗಳಲ್ಲಿ ಸಂದೇಶವೆಂಬುದು ಒಂದು ವಿದ್ಯುತ್ ವ್ಯಾಪಾರ. ಸೋಡಿಯಂ ಅಯಾನುಗಳು ನರದ ಪೊರೆಯಲ್ಲಿರುವ ಸೂಕ್ಷ್ಮ ದ್ವಾರಗಳ ಮೂಲಕ ಒಳನುಗ್ಗಿದಾಗ ಅದು ನಡೆಯುತ್ತದೆ. ಸ್ಯಾಕ್ಸಿಟಾಕ್ಸಿನ್ ಆ ದ್ವಾರಗಳಿಗೆ 'ಬಿರಡೆ'ಯಂತೆ ಸಿಕ್ಕಿಕೊಳ್ಳುತ್ತದೆ. ಮೊದಲು ತುಟಿ ನಾಲಗೆಗಳಲ್ಲಿ ಜುಮುಜುಮು. ಬಳಿಕ ಬೆರಳುಗಳು ಮರಗಟ್ಟುತ್ತವೆ. ವಿಷ ಹೆಚ್ಚಾಗಿದ್ದರೆ ಉಸಿರಾಟದ ಸ್ನಾಯುಗಳೇ ನಿಂತುಹೋಗುತ್ತವೆ. ಇದಕ್ಕೆ ಪ್ರತಿವಿಷವಿಲ್ಲ. ವಿಷವು ಮೈಯಿಂದ ಹೊರಹೋಗುವವರೆಗೆ ಆಸ್ಪತ್ರೆಯಲ್ಲಿ ಯಂತ್ರದಿಂದ ಉಸಿರಾಡಿಸುವುದೇ ಪ್ರಾಣ ಉಳಿಸುವ ಮಾರ್ಗ. ಆದುದರಿಂದ ತುಟಿ ಮರಗಟ್ಟಿತೆಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಕೂಡಲೆ ಆಸ್ಪತ್ರೆಗೆ ಹೋಗಬೇಕು.

ಇದು ದೂರದೇಶದ ಕಥೆಯಲ್ಲ. ೧೯೮೩ರಲ್ಲಿ ಮಂಗಳೂರಿಗೆ ಸಮೀಪದ ಕುಂಬಳೆಯ ಅಳಿವೆಯಿಂದ ತೆಗೆದ ಮೆರೆಟ್ರಿಕ್ಸ್ ಮರುವಾಯಿಯನ್ನು ತಿಂದು ಹಲವರು ಅಸ್ವಸ್ಥರಾದರು. ಒಬ್ಬ ಹುಡುಗನು ಮರಣ ಹೊಂದಿದನು. ಅದೇ ಅಳಿವೆ, ಅದೇ ಮರುವಾಯಿ, ಅದೇ ಅಡಿಗೆ. ಬೇರೆಯಾಗಿದ್ದುದು ಆ ದಿನಗಳ ನೀರು ಮಾತ್ರ.

ಹೀಗಿರುವಲ್ಲಿ ನಾವು ಮಾಡಬೇಕಾದುದೇನು? ನೀರಿನ ಬಣ್ಣ ಕೆಂಪಗೋ ಹಸುರಾಗಿಯೋ ಬದಲಾಗಿದ್ದರೆ, ಮೀನುಗಳು ಸತ್ತು ತೇಲುತ್ತಿದ್ದರೆ, ಅಲ್ಲಿಂದ ಮರುವಾಯಿ ತೆಗೆಯಬಾರದು. ಆದರೆ ಬಣ್ಣ ಬದಲಾಗದೆಯೂ ವಿಷವಿರಬಹುದಾದುದರಿಂದ ಕಣ್ಣಿನ ಸಾಕ್ಷಿಯೊಂದೇ ಸಾಲದು. ಊರಿನ ಅನುಭವಿಗಳ ಮತ್ತು ಮೀನುಗಾರಿಕೆ ಇಲಾಖೆಯವರ ಎಚ್ಚರಿಕೆಯ ಮಾತನ್ನು ಕೇಳಬೇಕು. ಚರಂಡಿ, ಕಾರ್ಖಾನೆಗಳ ಕೊಳಚೆ ಬೀಳುವೆಡೆಯಿಂದ ಎಂದೂ ತೆಗೆಯಬಾರದು. ಮರುವಾಯಿ ಸುರಕ್ಷಿತವಾಗಿರಬೇಕಾದರೆ ಪ್ರಯೋಗಾಲಯಗಳು ಅಳಿವೆಯ ನೀರನ್ನು ಕ್ರಮವಾಗಿ ಪರೀಕ್ಷಿಸಿ ಫಲಿತಾಂಶವನ್ನು ದಿಬ್ಬದವರಿಗೆ ತಿಳಿಯುವ ಮಾತಿನಲ್ಲಿ ಹೇಳುವ ವ್ಯವಸ್ಥೆ ಬೇಕು. ಇಂದು ಕಾಲೇಜಿನಲ್ಲಿ ಓದುತ್ತಿರುವವರಲ್ಲಿ ಕೆಲವರಾದರೂ ಈ ಕೆಲಸವನ್ನು ಕೈಗೊಂಡರೆ ಅವರ ವಿದ್ಯೆ ಸಾರ್ಥಕವಾಗುತ್ತದೆ.

ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆಗಳು

೧. ಚಂದ್ರನು ಈಗಿರುವ ದೂರದ ಹತ್ತರಲ್ಲಿ ಒಂದು ಪಾಲು ಹತ್ತಿರ ಬಂದರೆ, ಉಬ್ಬರವನ್ನೆಬ್ಬಿಸುವ ಅವನ ಬಲ ಎಷ್ಟು ಪಾಲಾಗುತ್ತದೆ?

೨. ಇಳಿಜಾರು ೧೫೦ ಮೀಟರಿಗೆ ಒಂದು ಮೀಟರಿನಂತಿರುವ ದಿಬ್ಬದ ಮೇಲೆ ನೀರಿನ ಮಟ್ಟ ೪೦ ಸೆಂಟಿಮೀಟರು ಏರಿದರೆ, ನೀರಿನ ಅಂಚು ಎಷ್ಟು ಮುಂದಕ್ಕೆ ಬರುತ್ತದೆ?

೩. ಐದು ಕಿಲೋಗ್ರಾಂ ಚಿಪ್ಪುಗಳು ಶುದ್ಧವಾದ ಕ್ಯಾಲ್ಸಿಯಂ ಕಾರ್ಬೊನೇಟೇ ಎಂದು ಭಾವಿಸಿದರೆ, ಅವುಗಳನ್ನು ಸುಟ್ಟಾಗ ಎಷ್ಟು ಸುಣ್ಣ ದೊರೆಯುತ್ತದೆ?

ಉತ್ತರಗಳು: ೧. ಸುಮಾರು ೧.೩೭ ಪಾಲು. ೨. ೬೦ ಮೀಟರು. ೩. ೨.೮ ಕಿಲೋಗ್ರಾಂ.